ಲಾಂಛನವೂ ಅಂತರಂಗವೂ



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಮಸಿನಗುಡಿ ಕಡೆಯಿಂದ ಬಂದಿದ್ದ ಯುವಕನೊಬ್ಬ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. "ಮನಸ್ಸು ಶುದ್ಧವಾಗಿದ್ದರೆ ಸಾಲದೆ? ಹಣೆಗೆ ವಿಭೂತಿ, ಕೊರಳಿಗೆ ಕರಡಿಗೆ ಯಾಕೆ ಬೇಕು?" ಅವನ ಮಾತು ಮುಗಿಯುವ ಮೊದಲೇ ಗೂಡಲೂರಿನ ಹಿರಿಯ ವರ್ತಕರೊಬ್ಬರು ಸಿಟ್ಟಾದರು. "ಲಿಂಗ ಕಟ್ಟಲು ಬೇಸರಪಡುವವನಿಗೆ ಅಂತರಂಗದ ಮಾತು ಯಾಕಪ್ಪ?" ಎಂದರು. ಇಬ್ಬರ ಮಾತನ್ನೂ ನಡವಳಿ ಪುಸ್ತಕದಲ್ಲಿ ಬರೆದುಕೊಂಡೆ. ಮಂಗಳಾರತಿಯ ಹೊತ್ತಾಗಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು. ಬರೆದುಕೊಂಡವನ ತಲೆಯಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಪೂಜ್ಯರ ಅಪ್ಪಣೆ ಪಡೆದು ನನ್ನ ಅಲ್ಪಮತಿಗೆ ತೋಚಿದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ವಿಭೂತಿಯನ್ನೂ ಇಷ್ಟಲಿಂಗವನ್ನೂ ನಾವು ಒಂದೇ ಉಸಿರಿನಲ್ಲಿ ಲಾಂಛನ ಎನ್ನುತ್ತೇವೆ. ಆದರೆ ಎರಡೂ ಒಂದೇ ಬಗೆಯವಲ್ಲ. ವಿಭೂತಿ ಎದುರಿಗಿರುವವನಿಗೆ ಕಾಣುತ್ತದೆ. ಹಚ್ಚಿಕೊಂಡವನಿಗೆ ಕನ್ನಡಿಯಿಲ್ಲದೆ ಕಾಣದು. ಇಷ್ಟಲಿಂಗ ಇದಕ್ಕೆ ತದ್ವಿರುದ್ಧ. ಅದು ಅಂಗಿಯ ಒಳಗೆ, ಕರಡಿಗೆಯ ಒಳಗೆ ಇರುತ್ತದೆ. ಎಡ ಅಂಗೈಯ ಮೇಲಿಟ್ಟು ದೃಷ್ಟಿ ನೆಟ್ಟಾಗ ಅದು ಕಾಣಬೇಕಾದುದು ಧರಿಸಿದವನಿಗೆ. ಅಲ್ಲಿಯೂ ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಕಪ್ಪು ಕವಚ, ಲಿಂಗ ಅದರ ಒಳಗಿದೆ. ಇಷ್ಟು ಮುಚ್ಚಿಟ್ಟ ವಸ್ತುವನ್ನು ಹೊರಗಿನ ತೋರಿಕೆ ಎಂದು ಆ ಯುವಕ ತಿಳಿದದ್ದು ತಪ್ಪು. ಹಾಗೆ ತಿಳಿಯುವಂತೆ ನಡೆದುಕೊಂಡವರು ನಾವು ಹಿರಿಯರು ಎಂಬುದೂ ನಿಜ.

ಈ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎರಡು ಕಥೆಗಳಿವೆ. ಒಂದು ಬಸವಪುರಾಣದ್ದು. ಭೀಮಕವಿ 1369ರಲ್ಲಿ ಇದನ್ನು ಕನ್ನಡದಲ್ಲಿ ಬರೆದ. ಕಲ್ಯಾಣದಲ್ಲಿ ಲಿಂಗ ಧರಿಸಿದವರಿಗೆ ದೊರೆಯುತ್ತಿದ್ದ ಗೌರವ ಕಂಡ ಕಳ್ಳರು ಬದನೆಕಾಯಿಗಳನ್ನೇ ಬಟ್ಟೆಯಲ್ಲಿ ಸುತ್ತಿ ಲಿಂಗದಂತೆ ಕಟ್ಟಿಕೊಂಡು ಬಂದರು. ಬಸವಣ್ಣನವರು ಅನುಮಾನಿಸದೆ ಬರಮಾಡಿಕೊಂಡರು. ಗಂಟು ಬಿಚ್ಚಿದಾಗ ಬದನೆಕಾಯಿಗಳೆಲ್ಲ ಲಿಂಗಗಳಾಗಿದ್ದವು. ಇನ್ನೊಂದು ಕಥೆ ಕೇಳಲು ದೂರ ಹೋಗಬೇಕಿಲ್ಲ. ತೆಪ್ಪಕಾಡು, ಬಂಡೀಪುರ ದಾಟಿ ಗುಂಡ್ಲುಪೇಟೆ, ಚಾಮರಾಜನಗರದ ಸೀಮೆಗೆ ಹೋದರೆ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ ಅದು. ಮಂಟೇಸ್ವಾಮಿ ಮೈಯೆಲ್ಲ ಹೊಲಸು ಮಾಡಿಕೊಂಡು, ನಾರುತ್ತಾ ಕಲ್ಯಾಣದ ಬಾಗಿಲಿಗೆ ಬಂದ. ದಾಸೋಹದ ಅನ್ನಕ್ಕಾಗಿ ವೇಷ ಹಾಕಿದ್ದವರು ಮೂಗು ಮುಚ್ಚಿಕೊಂಡು ಅವನನ್ನು ಅಟ್ಟಿದರು. ಕೊನೆಗೆ ಗುರುತಿಸಿದವರು ಬಸವಣ್ಣನವರು. ನಮ್ಮಲ್ಲಿ ಕೆಲವರು "ಅದು ನಮ್ಮ ಕಥೆಯಲ್ಲ" ಎಂದು ತಳ್ಳಿಬಿಡುತ್ತಾರೆ. ಬಾಗಿಲಲ್ಲಿ ತಳ್ಳಿದವರದೇ ಆ ಕಥೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಮಂಟೇಸ್ವಾಮಿಯ ಕಥೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ನಾನು ಬಹಳ ವರ್ಷ ಸುತ್ತಾಡಿದ್ದು ಬದನೆಕಾಯಿಯ ಕಥೆಯ ಸುತ್ತ. ಅದಕ್ಕೆ ಕಾರಣವನ್ನು ಸಂಕೋಚದಿಂದಲೇ ಹೇಳುತ್ತೇನೆ.

1999ರ ಮಾತು. ನಾನು ಬಿ.ಕಾಂ. ಮೊದಲ ವರ್ಷದಲ್ಲಿದ್ದೆ. ಚಹಾ ಎಲೆಯ ಬೆಲೆ ಕುಸಿದು ಬೆಟ್ಟದ ಮನೆಗಳೆಲ್ಲ ಕಂಗೆಟ್ಟಿದ್ದ ಕಾಲ. ಊಟಿಯ ಮೇಲ್ಭಾಗದಲ್ಲಿದ್ದ ನಮ್ಮ ತುಂಡು ಹೊಲದ ಆಲೂಗೆಡ್ಡೆಯೇ ಆ ವರ್ಷ ನನ್ನ ಕಾಲೇಜಿನ ಫೀಸಿಗೆ ದಿಕ್ಕು. ದಪ್ಪ ಗೆಡ್ಡೆ ಆರಿಸಿ ಮೂಟೆ ಕಟ್ಟುವುದು, ಗೋಲಿಯಷ್ಟು ಸಣ್ಣವನ್ನು ಮನೆಯ ಪಲ್ಯಕ್ಕೆ ಮೂಲೆಯಲ್ಲಿ ಸುರಿಯುವುದು ತಂದೆಯವರ ಪದ್ಧತಿ. ಆ ರಾತ್ರಿ ಅವರು ಮಲಗಿದ ಮೇಲೆ ನಾನು ನಾಲ್ಕು ಮೂಟೆ ಬಿಚ್ಚಿ, ನಡುವೆ ಗೋಲಿಗೆಡ್ಡೆ ತುಂಬಿ, ಬಾಯಿಗೆ ದಪ್ಪ ಗೆಡ್ಡೆ ಜೋಡಿಸಿ ಮತ್ತೆ ದಬ್ಬಣದಿಂದ ಹೊಲಿದೆ. ಉಳಿದ ದಪ್ಪ ಗೆಡ್ಡೆಯಲ್ಲಿ ಐದನೆಯ ಮೂಟೆ ಆಯಿತು.

ಬೆಳಗ್ಗೆ ತಂದೆಯವರೊಡನೆ ಮೆಟ್ಟುಪಾಳಯಕ್ಕೆ ಇಳಿದೆ. ಮಂಡಿಯವರು ಒಬ್ಬೊಬ್ಬರ ಲೋಡಿನಲ್ಲೂ ಒಂದೆರಡು ಮೂಟೆ ಬಿಚ್ಚಿ ನೆಲಕ್ಕೆ ಸುರಿಸಿ ನೋಡುತ್ತಿದ್ದರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ನಮ್ಮ ಸರದಿ ಬಂದಾಗ ಆತ ತಂದೆಯವರ ಹಣೆ ನೋಡಿ ತಮಿಳಿನಲ್ಲಿ, "ಹಣೆ ತುಂಬ ತಿರುನೀರು ಇಟ್ಟ ಸಾಮಿಯ ಮೂಟೆ ನಾನು ಯಾಕೆ ಸುರಿಸಲಿ?" ಎಂದು ಹಾಗೆಯೇ ತೂಕಕ್ಕೆ ಹಾಕಿಸಿದರು. ನಾಲ್ಕೈದು ದಿನಕ್ಕೆ ಪಟ್ಟಿ ಬಂತು. ಒಂದು ಪೈಸೆಯನ್ನೂ ಕಡಿತ ಮಾಡಿರಲಿಲ್ಲ.

ಆತ ಮಾಡಿದ್ದು ಬಸವಣ್ಣನವರು ಮಾಡಿದ್ದನ್ನೇ ಅಲ್ಲವೆ? ಹೊರಗಿನ ಗುರುತು ನೋಡಿ ಪೂರ್ತಿ ನಂಬಿದರು. ಕಲ್ಯಾಣದಲ್ಲಿ ಆ ನಂಬಿಕೆಯ ಮುಂದೆ ಬದನೆಕಾಯಿ ಲಿಂಗವಾಯಿತು. ಮೆಟ್ಟುಪಾಳಯದಲ್ಲಿ ನನ್ನ ಗೋಲಿಗೆಡ್ಡೆ ಗೋಲಿಗೆಡ್ಡೆಯಾಗಿಯೇ ಉಳಿಯಿತು. ಪವಾಡ ನಡೆಯಬೇಕಾದದ್ದು ಗಂಟಿನಲ್ಲಿ ಅಲ್ಲ, ಗಂಟು ಕಟ್ಟಿದವನಲ್ಲಿ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಆ ಕಳ್ಳರಾದರೂ ತಮ್ಮ ಎದೆಯ ಮೇಲಿನದನ್ನು ತಾವು ಬಿಚ್ಚಿ ನೋಡಿದರು. ನಾನು ನೋಡಿರಲಿಲ್ಲ.

ಲೆಕ್ಕ ಓದಿದವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ವಿಭೂತಿಯನ್ನು ನಾವು ನಮ್ಮ ಆಸ್ತಿಯ ಕಡೆ ಬರೆದುಕೊಂಡಿದ್ದೇವೆ. ಅದು ನಿಲ್ಲಬೇಕಾದದ್ದು ಹೊಣೆಯ ಕಡೆ. ಅಪರಿಚಿತನೊಬ್ಬ ಅದನ್ನು ಕಂಡು ನಮಗೆ ನಂಬಿಕೆಯನ್ನು ಕಡ ಕೊಡುತ್ತಾನೆ. ಆ ಕಡ ಸಂದಾಯವಾಗುವುದು ತಕ್ಕಡಿಯಲ್ಲಿ, ಕೊಟ್ಟ ಮಾತಿನಲ್ಲಿ. ಗೂಡಲೂರಿನ ಹಿರಿಯರು ಈ ಮಾತಿಗೆ ಬೇಸರಪಡಬಾರದು. ಟ್ರಯಲ್ ಬ್ಯಾಲೆನ್ಸ್‌ನ ಎರಡು ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ ಎಂದು ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ಬರೆಯದೆ ಬಿಟ್ಟ ವ್ಯವಹಾರವನ್ನು ಅದು ಹಿಡಿಯದು. ನಿತ್ಯ ಪೂಜೆ ತಪ್ಪದ ಮನೆಯ ಲೆಕ್ಕವೂ ಅಷ್ಟೆ.

ಇನ್ನು ಆ ಯುವಕನಿಗೆ. ಮನಸ್ಸು ಶುದ್ಧವಾಗಿದ್ದರೆ ಸಾಕು ಎಂದೆಯಲ್ಲಪ್ಪ, ಶುದ್ಧವಾಗಿದೆ ಎಂದು ಹೇಳುವವರು ಯಾರು? ಆ ರಾತ್ರಿ ದಬ್ಬಣ ಹಿಡಿದಿದ್ದ ನನ್ನ ಮನಸ್ಸೂ ತನ್ನನ್ನು ಶುದ್ಧವೆಂದೇ ಹೇಳಿಕೊಳ್ಳುತ್ತಿತ್ತು. ಫೀಸು ಕಟ್ಟಬೇಕು, ಮಂಡಿಯವರು ತೂಕದಲ್ಲಿ ಹೊಡೆಯುವುದಿಲ್ಲವೆ, ಎಲ್ಲರೂ ಮಾಡುತ್ತಾರೆ ಎಂದೆಲ್ಲ ಹೇಳಿತು. ವೇಷ ಹೊರಗಷ್ಟೇ ಇದೆ ಎಂದು ತಿಳಿಯಬೇಡ. ಒಳಗೂ ಒಂದು ವೇಷವಿದೆ. ಅದನ್ನು ಎದುರಿಗಿರುವವನು ಕಾಣಲಾರ, ಆದ್ದರಿಂದ ಪ್ರಶ್ನಿಸುವವರೂ ಇಲ್ಲ. ದಿನಕ್ಕೊಮ್ಮೆ ಅಂಗೈಯಲ್ಲಿ ಒಂದು ವಸ್ತುವನ್ನಿಟ್ಟುಕೊಂಡು, ಅದರ ಮುಂದೆ ಬಾಯಿ ಮುಚ್ಚಿ ಕುಳಿತಿರು ಎಂದು ಶರಣರು ಹೇಳಿದ್ದು ಈ ಪ್ರಶ್ನೆಗೆ ಜಾಗ ಇರಲಿ ಎಂದೇ ಎಂದು ನನ್ನ ತಿಳಿವಳಿಕೆ.

ನಮ್ಮ ಬೆಟ್ಟದ ಆಲೂಗೆಡ್ಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1961ರಲ್ಲಿ ಜೋನ್ಸ್ ಎಂಬ ವಿಜ್ಞಾನಿ ನೀಲಗಿರಿಯ ಆಲೂಗೆಡ್ಡೆ ಬೇರಿನಲ್ಲಿ ಒಂದು ಸೂಕ್ಷ್ಮ ಹುಳುವನ್ನು ಗುರುತಿಸಿದರು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಅದರ ದೆಸೆಯಿಂದ ನಮ್ಮ ಬಿತ್ತನೆಗೆಡ್ಡೆಯನ್ನು ಹೊರನಾಡಿಗೆ ಕಳಿಸುವುದಕ್ಕೆ ನಿಷೇಧವೇ ಬಂತು. ಹುಳು ಕಡಿಮೆ ಇರುವಾಗ ಸೊಪ್ಪು ಹಸುರಾಗಿಯೇ ಇರುತ್ತದೆ. ಬದುವಿನ ಮೇಲೆ ನಿಂತು ನೋಡಿದವನಿಗೆ ಬೆಳೆ ಸೊಗಸು. ಒಂದು ಗಿಡ ಕಿತ್ತು, ಬೇರಿನ ಮಣ್ಣು ಮೆಲ್ಲಗೆ ತೊಳೆದರೆ ಗುಂಡುಸೂಜಿಯ ತಲೆಯಷ್ಟು ಹೊಂಬಣ್ಣದ ಮಣಿಗಳು ಕಾಣುತ್ತವೆ. ಒಂದೊಂದರಲ್ಲಿ ನೂರಾರು ಮೊಟ್ಟೆ, ಮಣ್ಣಿನಲ್ಲಿ ಎಷ್ಟೋ ವರ್ಷ ಸಾಯದೆ ಇರುತ್ತವೆ. ನಮ್ಮ ತಂದೆ ಪ್ರತಿ ಬೆಳೆಯಲ್ಲೂ ಚೆನ್ನಾಗಿ ಬಂದ ಗಿಡವನ್ನೇ ಆರಿಸಿ ಕಿತ್ತು ನೋಡುತ್ತಿದ್ದರು. "ಬಾಡಿದ ಗಿಡ ತಾನೇ ಹೇಳುತ್ತೆ, ಕೇಳಬೇಕಾದದ್ದು ಇದನ್ನ" ಎನ್ನುತ್ತಿದ್ದರು.

ಪಟ್ಟಿ ಬಂದ ದಿನ ಅವರು ಮನೆಯ ಮೂಲೆ ನೋಡಿದರು. "ಸಣ್ಣ ಗೆಡ್ಡೆ ರಾಶಿ ಎಲ್ಲಿ ಹೋಯ್ತು ಮಗ?" ಎಂದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಆ ವಾರ ಹಣೆಗೆ ವಿಭೂತಿ ಇಡದೆ ಪೂಜೆಗೆ ಕೂತದ್ದನ್ನು ಅವ್ವ ಗಮನಿಸಿ ಕೇಳಿದರೂ ಉತ್ತರ ಕೊಡಲಿಲ್ಲ.

ಮುಂದಿನ ಲೋಡಿಗೆ ಇಬ್ಬರೂ ಮತ್ತೆ ಮೆಟ್ಟುಪಾಳಯಕ್ಕೆ ಹೋದೆವು. ಅಂದು ಅವರ ಹಣೆಯ ಮೇಲೆ ವಿಭೂತಿ ಇತ್ತು. ನಾಲ್ಕು ಮೂಟೆಯ ವ್ಯತ್ಯಾಸದ ಹಣವನ್ನು ಮಂಡಿಯವರ ಮುಂದಿಟ್ಟು ವಿಷಯ ಹೇಳಿದರು. ಮಗ ಮಾಡಿದ ಎನ್ನಲಿಲ್ಲ, ನಮ್ಮಿಂದ ಆಯಿತು ಎಂದರು. ಆಮೇಲೆ ತಾವೇ ದಾರ ಎಳೆದು ನಮ್ಮ ಮೂಟೆಗಳನ್ನು ಒಂದೂ ಬಿಡದೆ ನೆಲಕ್ಕೆ ಸುರಿದರು. "ಬೇಡ ಸಾಮಿ, ಬೇಡ ಸಾಮಿ" ಎಂದು ಆತ ಕೈ ಹಿಡಿದರೂ ಬಿಡಲಿಲ್ಲ. ಮಂಡಿಗೆ ಹೋಗುವಷ್ಟು ಮೈಯಲ್ಲಿ ಶಕ್ತಿ ಇರುವವರೆಗೆ, ಯಾರೂ ಕೇಳದಿದ್ದರೂ, ಅವರು ಹಾಗೆಯೇ ಸುರಿಯುತ್ತಿದ್ದರು. ಚದುರಿದ ಗೆಡ್ಡೆಗಳನ್ನು ಮತ್ತೆ ಮೂಟೆಗೆ ತುಂಬುವುದು ನನ್ನ ಕೆಲಸವಾಗಿತ್ತು.