ನೆರಳು ಗಿಡ್ಡಾದ ಹೊತ್ತು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳ ಜತೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಝಳಕ್ಕೆ ಅಂಜಿ ಮಾಡಿದ ಏರ್ಪಾಡು, ಒಳ್ಳೆಯದೇ. ಆದರೆ ನಮ್ಮೂರು ಮಹಾಲಿಂಗಪುರದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಭಾರತದ ಗಡಿಯಾರ ನಡೆಯುವುದು ಪ್ರಯಾಗರಾಜದ (ಹಿಂದಿನ ಅಲಹಾಬಾದ್) ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಾವಿರುವುದು ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಆ ಅರ್ಧ ಗಂಟೆಯ ವ್ಯತ್ಯಾಸ ಅಲ್ಲಿಂದ ಬಂದದ್ದು. ಹೀಗಾಗಿ ಒಂದೂವರೆಗೆ ಕಚೇರಿ ಬಿಟ್ಟು ಬರಿದಲೆಯಲ್ಲಿ ಬೈಕು ಹತ್ತುವ ಗುಮಾಸ್ತ ಮಧ್ಯಾಹ್ನ ಮೂರರ ಕಾವನ್ನು ತಪ್ಪಿಸಿಕೊಂಡಿರುತ್ತಾನೆ, ಚರ್ಮ ಸುಡುವ ಕಿರಣದ ಕೈಗೆ ಮಾತ್ರ ಸರಿಯಾಗಿ ಸಿಗುತ್ತಾನೆ.

ಕಾವು ಬೇರೆ, ಕಿರಣ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಚರ್ಮವನ್ನು ಕೆಡಿಸುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಗುವುದೂ ಇಲ್ಲ. ಗಾಳಿ ತಂಪಾಗಿ ಬೀಸುತ್ತಿದ್ದರೂ ಅದು ಬರುತ್ತದೆ, ತೆಳುಮೋಡವಿದ್ದರೂ ತೂರಿ ಬರುತ್ತದೆ. ದಿನದ ಕಾವು ಏರುತ್ತ ಹೋಗಿ ಮೂರರ ಸುಮಾರಿಗೆ ತುದಿ ಮುಟ್ಟಿದರೆ, ಈ ಕಿರಣ ಸೂರ್ಯ ನೆತ್ತಿಯಲ್ಲಿದ್ದಾಗಲೇ ತನ್ನ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅದನ್ನು ಅಳೆಯಲು ಉಷ್ಣತೆಯ ಅಂಕಿ ಉಪಯೋಗಕ್ಕೆ ಬಾರದು. ನೆರಳು ಬರುತ್ತದೆ. ಬಯಲಿನಲ್ಲಿ ನೆಟ್ಟಗೆ ನಿಂತಾಗ ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಅಷ್ಟೊಂದು ಚಿಂತೆ ಬೇಡ. ಗಿಡ್ಡವಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಮೈ ಮುಚ್ಚಿಕೊಳ್ಳುವ ಹೊತ್ತು ಅದು. ಇದಕ್ಕೆ ಮೊಬೈಲ್ ಬೇಡ, ಆ್ಯಪ್ ಬೇಡ.

ಈ ಲೆಕ್ಕವನ್ನು ನಮ್ಮೂರಿಗೆ ಹಚ್ಚಿ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಮಹಾಲಿಂಗಪುರ ಇರುವುದು ಸುಮಾರು 16.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 5–6ರ ಸುಮಾರಿಗೆ ಒಮ್ಮೆ, ಆಗಸ್ಟ್ 7ರ ಆಚೀಚೆ ಇನ್ನೊಮ್ಮೆ ಸೂರ್ಯ ಇಲ್ಲಿ ನಟ್ಟನಡುನೆತ್ತಿಗೆ ಬರುತ್ತಾನೆ. ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗಸ್ಟಿನದು ಮೋಡದಲ್ಲಿ ಕಳೆದುಹೋಗುವುದೇ ಹೆಚ್ಚು, ಮೇ ತಿಂಗಳದ್ದನ್ನು ಮಕ್ಕಳಿಗೆ ಅಂಗಳದಲ್ಲಿ ನಿಲ್ಲಿಸಿ ತೋರಿಸಬಹುದು. ಅದು ಬೇಸಿಗೆಯ ಮಾತಾಯಿತು. ಚಳಿಗಾಲಕ್ಕೆ ಬನ್ನಿ. ವರ್ಷದಲ್ಲೇ ಸಣ್ಣ ಹಗಲೆಂದರೆ ಡಿಸೆಂಬರ್ 21–22. ಆ ದಿನವೂ ನಡುಮಧ್ಯಾಹ್ನ ಸೂರ್ಯ ಇಲ್ಲಿ 50 ಡಿಗ್ರಿಯಷ್ಟು ಮೇಲಿರುತ್ತಾನೆ. ಐದೂವರೆ ಅಡಿ ಎತ್ತರದವನ ನೆರಳು ಆಗ ಬೀಳುವುದು ಸುಮಾರು ನಾಲ್ಕೂವರೆ ಅಡಿ. ಅಂದರೆ ಮಧ್ಯಾಹ್ನದ ನೆರಳು ನಮಗಿಂತ ಉದ್ದವಾಗುವ ದಿನ ನಮ್ಮ ಪಂಚಾಂಗದಲ್ಲೇ ಇಲ್ಲ. ಚಳಿಗಾಲದಲ್ಲಿ ನೆರಳು ಗಿಡ್ಡಾಗಿರುವ ಹೊತ್ತು ಮೂರು ತಾಸಿನಷ್ಟು, ಬೇಸಿಗೆಯಲ್ಲಿ ಆರು ತಾಸಿನಷ್ಟು. ವ್ಯತ್ಯಾಸ ಅಷ್ಟೇ.

ಡಿಸೆಂಬರ್ ಎಂದರೆ ಈ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮು. ಸಮೀರವಾಡಿಯ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು, ಗಾಣಗಳಲ್ಲಿ ಹೊಗೆ, ಪೇಟೆಯಲ್ಲಿ ಬೆಲ್ಲದ ಸವಾಲು. ಕಡಿಯುವ ಗ್ಯಾಂಗಿನವರನ್ನು ಹತ್ತಿರ ನಿಂತು ನೋಡಿ. ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಮುಂಗೈವರೆಗೆ ಗುಂಡಿ ಹಾಕಿರುತ್ತಾರೆ. ತಲೆಗೆ ಸುತ್ತಿದ ವಸ್ತ್ರದ ಒಂದು ಚುಂಗು ಮೂಗು ಬಾಯಿ ಮುಚ್ಚಿ ಕಿವಿಯ ಹಿಂದೆ ಸಿಕ್ಕಿಸಿರುತ್ತದೆ. ಕಾಣುವುದು ಕಣ್ಣಷ್ಟೇ. ಇದನ್ನು ಅವರು ಬಿಸಿಲಿಗೆಂದು ತೊಟ್ಟದ್ದಲ್ಲ. ಕಬ್ಬಿನ ಗರಿ ಗರಗಸದ ಹಾಗೆ. ಬರಿಗೈಯಲ್ಲಿ ನುಗ್ಗಿದರೆ ಸಂಜೆಯೊಳಗೆ ತೋಳೆಲ್ಲ ಗೀರು. ಮೇಲೆ ರವದಿಯ ದೂಳು, ತುರಿಕೆ. ಗರಿಗೆ ಅಂಜಿ ತೊಟ್ಟ ಅಂಗಿ ಬಿಸಿಲನ್ನೂ ತಡೆಯುತ್ತದೆ. ಚರ್ಮದ ಡಾಕ್ಟರು ಹೇಳಬಹುದಾದ ಮೊದಲ ಉಪಾಯವನ್ನು ಈ ಹೆಣ್ಣುಮಕ್ಕಳು ಯಾರ ಚೀಟಿಯೂ ಇಲ್ಲದೆ ಮಾಡಿಕೊಂಡಿದ್ದಾರೆ. ಅದೇ ಫಡದಲ್ಲಿ ಹುಡುಗರು ಬನಿಯನ್ನಿನಲ್ಲಿ ಹೊರೆ ಹೊರುತ್ತಿರುತ್ತಾರೆ, ಕೇಳಿದರೆ ‘ನಮಗೇನ್ರಿ ಆಗ್ತದ’ ಎನ್ನುತ್ತಾರೆ.

ಅರಿವೆಯ ಮಾತು ಬಂತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ ಎಲ್ಲ ಮಗ್ಗದ ಊರುಗಳು. ಅರಿವೆಯ ಗುಣ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಸೀರೆ ಕೊಳ್ಳುವ ಅಜ್ಜಿ ಮೊದಲು ಸೆರಗನ್ನಲ್ಲ, ಒಡಲನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾಳೆ. ಅಂಗೈ ಒಳಗಿಟ್ಟು ಬೆರಳು ಕಂಡರೆ ‘ಜಾಳ ಐತಿ’ ಎಂದು ಸರಿಸಿಬಿಡುತ್ತಾಳೆ. ಬಿಸಿಲಿಗೂ ಇದೇ ಪರೀಕ್ಷೆ. ಬೆಳಕು ಹಾಯುವ ಕಡೆ ಅತಿನೇರಳೆ ಕಿರಣವೂ ಹಾಯುತ್ತದೆ. ಜಾಳು ನೇಯ್ಗೆಗಿಂತ ಒತ್ತು ನೇಯ್ಗೆ ಮೇಲು, ಒದ್ದೆ ಅರಿವೆಗಿಂತ ಒಣ ಅರಿವೆ ಮೇಲು. ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿದ ತೆಳು ಬಿಳಿ ಅಂಗಿ ತೊಟ್ಟಂತೆ ಕಂಡರೂ ಕಿರಣಕ್ಕೆ ಅರ್ಧ ಬಾಗಿಲು ತೆರೆದೇ ಇಟ್ಟಿರುತ್ತದೆ. ಬಣ್ಣದ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಬಿಸಿಲಿಗೆ ಬಿಳಿ ಎನ್ನುವುದು ಕಾವಿನ ಮಟ್ಟಿಗೆ ಸರಿ. ಕಿರಣ ತಡೆಯುವುದರಲ್ಲಿ ಗಾಢ ಬಣ್ಣವೇ ಮುಂದೆ. ಎರಡೂ ಬೇಕೆಂದರೆ ಸಡಿಲಾಗಿ ಹೊಲಿಸಿದ, ಒತ್ತಾಗಿ ನೇಯ್ದ ಹತ್ತಿ ಅರಿವೆ, ತಿಳಿನೀಲಿಯೋ ಖಾಕಿಯೋ ಇದ್ದರೆ ಸಾಕು.

ತಲೆಯ ಮೇಲಿನದನ್ನೂ ಹೀಗೇ ನೋಡಬೇಕು. ಗಾಂಧಿ ಟೋಪಿ ನೆತ್ತಿಯನ್ನಷ್ಟೇ ಮುಚ್ಚುತ್ತದೆ, ಕಿವಿ ಮತ್ತು ಹೆಡಕು ಬಯಲಿಗೆ ಬಿದ್ದಿರುತ್ತವೆ. ಹುಡುಗರ ಕ್ರಿಕೆಟ್ ಟೋಪಿ ಹಣೆಗೆ ನೆರಳು ಕೊಡುತ್ತದೆ, ಕಿವಿಗೆ ಅದರಿಂದಲೂ ಏನಿಲ್ಲ. ಹೆಡಕಿನ ಮೇಲೆ ಚುಂಗು ಇಳಿಬಿಟ್ಟ ಪಟಗಾ ಇವೆರಡಕ್ಕಿಂತ ಒಳ್ಳೆಯದು. ಸೆರಗು ಹೊದೆಯುವುದನ್ನು ನಾವು ಮರ್ಯಾದೆಯ ಲೆಕ್ಕಕ್ಕೆ ಹಾಕಿದ್ದೇವೆ, ಅದರ ವಾದ ಬೇರೆ. ಆದರೆ ಬೈತಲೆಯ ಗೆರೆಯಲ್ಲಿ ಚರ್ಮ ಬರಿದಾಗಿರುತ್ತದೆ, ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವವಳಿಗೆ ಅಲ್ಲಿಯೂ ಸುಡುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಬಿಸಿಲಿನ ಎಚ್ಚರಿಕೆ ಸಿಗುವುದು ಮಗಳಿಗೆ ಮಾತ್ರ: ‘ಬಿಸಿಲಾಗ ಅಡ್ಡಾಡಬ್ಯಾಡವ್ವಾ, ಕರ್ರಗಾಗ್ತಿ.’ ಮಗನಿಗೆ ಈ ಮಾತಿಲ್ಲ, ಗಂಡನಿಗಿಲ್ಲ, ಪೇಟೆಯಲ್ಲಿ ಬೆಲ್ಲದ ಪೆಂಟಿ ಎತ್ತುವ ಹಮಾಲನಿಗಂತೂ ಇಲ್ಲವೇ ಇಲ್ಲ. ನಮ್ಮ ಅಂಜಿಕೆ ಚರ್ಮದ್ದಲ್ಲ, ಬಣ್ಣದ್ದು. ವರ ನೋಡಲು ಬರುವ ದಿನದ್ದು. ಕಪ್ಪಾಗುವುದೇ ಕೇಡೆಂದು ತಿಳಿದಿದ್ದೇವೆ, ನಿಜದಲ್ಲಿ ಅದು ಕೇಡಿಗೆ ಚರ್ಮ ಒಡ್ಡುವ ತಡೆ. ಏಟು ಬಿದ್ದ ಜೀವಕೋಶಗಳನ್ನು ಕಾಯಲು ಚರ್ಮ ಮೆಲನಿನ್ ಎಂಬ ಕಪ್ಪು ವರ್ಣಕವನ್ನು ಹೆಚ್ಚಿಸಿಕೊಳ್ಳುತ್ತದೆ. ಈ ವರ್ಣಕ ಧಾರಾಳವಾಗಿ ಇರುವುದರಿಂದಲೇ ಬಿಳಿಯರ ಆಸ್ಟ್ರೇಲಿಯಾದಲ್ಲಿ ಮನೆಮಾತಾಗಿರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಆದರೆ ಅದು ಪೂರ್ತಿ ತಡೆಯಲ್ಲ. ನಮ್ಮ ಚರ್ಮದಲ್ಲಿ ಬಿಸಿಲಿನ ಪೆಟ್ಟು ಬೇರೆ ರೂಪದಲ್ಲಿ ಕಾಣಿಸುತ್ತದೆ: ಕೆನ್ನೆ ಹಣೆಗಳ ಮೇಲೆ ಬಂಗು, ಕಪ್ಪು ಚುಕ್ಕೆ, ಹೊತ್ತಿಗೆ ಮುಂಚೆ ನೆರಿಗೆಗಟ್ಟಿದ ಹೆಡಕು, ಒಡೆದ ಕೆಳದುಟಿ. ಕಣ್ಣಿನ ಪೊರೆಗೂ ಈ ಕಿರಣ ಒಂದು ಕಾರಣ.

ಬಣ್ಣದ ಅಂಜಿಕೆ ಇನ್ನೊಂದು ಅನಾಹುತವನ್ನೂ ತಂದಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆ್ಯಂಡ್ ಲವ್ಲಿ’ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಮಂದಿಯ ಮನಸ್ಸಿನಿಂದ ಅದು ಹೋಗಿಲ್ಲ. ಅದಕ್ಕಿಂತ ಕೆಟ್ಟದ್ದು ಲಗ್ನದ ಹಂಗಾಮಿನಲ್ಲಿ ಔಷಧ ಅಂಗಡಿಯಿಂದ ಕೇಳಿ ಒಯ್ಯುವ ಸಣ್ಣ ಟ್ಯೂಬುಗಳು. ಅವುಗಳಲ್ಲಿ ಎಷ್ಟೋ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಇರುವ ಮುಲಾಮುಗಳು. ಮೊದಲ ವಾರ ಮುಖ ಬೆಳ್ಳಗಾಗುತ್ತದೆ, ಗೆಳತಿಯರು ಏನು ಹಚ್ಚಿದೆ ಎಂದು ಕೇಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ರಕ್ತನಾಳ ಕೆಂಪಗೆ ಮೂಡಿ, ಬಿಸಿಲಿಗೆ ಕಾಲಿಟ್ಟ ಕೂಡಲೇ ಉರಿ. ಬಿಟ್ಟರೆ ಮೊಡವೆ, ಕೆಂಪು. ಅದಕ್ಕೇ ಮತ್ತೆ ಅದೇ ಟ್ಯೂಬು. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ಆದೇಶ ಹೊರಡಿಸಿದೆ. ಮನೆಮದ್ದಿನಲ್ಲೂ ಒಂದು ಅಪಾಯವಿದೆ. ಲಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋದರೆ, ಅದರ ರಸದಲ್ಲಿರುವ ಕೆಲವು ದ್ರವ್ಯಗಳು ಕಿರಣದ ಜತೆ ಸೇರಿ ಚರ್ಮವನ್ನು ಬೊಬ್ಬೆ ಏಳುವಷ್ಟು ಸುಡುತ್ತವೆ. ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಸನ್‌ಸ್ಕ್ರೀನ್ ಬೇಡವೇ? ಬೇಕು, ಆದರೆ ಅರಿವೆ ಮುಚ್ಚದ ಜಾಗಕ್ಕೆ. ಡಬ್ಬಿಯ ಮೇಲಿನ ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಸುಡುವ ಕಿರಣದ ಶೇ 97ರಷ್ಟನ್ನು ತಡೆಯುತ್ತದೆ, 50 ಎಂದರೆ ಶೇ 98. ಆ ಒಂದಕ್ಕೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು; ನಮ್ಮವರು ಹಚ್ಚುವುದು ಕುಂಕುಮದಷ್ಟು. ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು. ಇಡೀ ಮೈಗೆ ಒಮ್ಮೆ ಹಚ್ಚಲು 30 ಮಿಲಿಲೀಟರಿನಷ್ಟು ಬೇಕಾಗುತ್ತದೆ. 50ರ ಟ್ಯೂಬು ಎರಡು ಹೊತ್ತಿಗೂ ಸಾಲದು. ದಿನಗೂಲಿಯವರಿಗೆ ಇದನ್ನು ಉಪದೇಶ ಮಾಡುವವರು ಮೊದಲು ಈ ಲೆಕ್ಕ ಹಾಕಲಿ. ಬಂಗು ಇರುವವರು ಮಾತ್ರ ಡಾಕ್ಟರರನ್ನು ಕೇಳಿ ಬಣ್ಣದ ಸನ್‌ಸ್ಕ್ರೀನ್ ತೆಗೆದುಕೊಳ್ಳುವುದು ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಹೆಚ್ಚಲು ಆ ಬೆಳಕೂ ಕಾರಣ.

ಗಾಜಿನ ಹಿಂದೆ ಕುಳಿತವರಿಗೂ ಪೂರ್ತಿ ರಕ್ಷಣೆಯಿಲ್ಲ. ಚರ್ಮ ಸುಡುವ ಗಿಡ್ಡ ಅಲೆಯ ಕಿರಣವನ್ನು ಗಾಜು ತಡೆಯುತ್ತದೆ. ನೆರಿಗೆ, ಕಲೆ ತರುವ ಉದ್ದ ಅಲೆಯ ಕಿರಣ ಪಕ್ಕದ ಕಿಟಕಿಯ ಗಾಜಿನಲ್ಲಿ ಹಾದು ಬರುತ್ತದೆ. 28 ವರ್ಷ ಲಾರಿ ಓಡಿಸಿದ ಅಮೆರಿಕದ ಒಬ್ಬ ಚಾಲಕನ ಚಿತ್ರ 2012ರಲ್ಲಿ ಅಲ್ಲಿಯ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಕಿಟಕಿಯ ಕಡೆಯ ಎಡಗೆನ್ನೆ ಸುಕ್ಕುಸುಕ್ಕಾಗಿ ಜೋತಿತ್ತು, ಬಲಗೆನ್ನೆ ಹತ್ತಾರು ವರ್ಷ ಚಿಕ್ಕವನದರಂತಿತ್ತು. ನಮ್ಮಲ್ಲಿ ಚಾಲಕ ಕೂಡುವುದು ಬಲಕ್ಕೆ. ಜಮಖಂಡಿ–ಮುಧೋಳ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದವರ ಎರಡೂ ಮುಂಗೈ ಅಕ್ಕಪಕ್ಕ ಇಡಿಸಿ ನೋಡಿ, ಕಿಟಕಿಯ ಮೇಲೆ ಒರಗುವ ಕೈ ಯಾವುದೆಂದು ಹೇಳಬೇಕಾಗಿಲ್ಲ.

ಕೆಲವು ಗುಳಿಗೆಗಳೂ ಚರ್ಮವನ್ನು ಬಿಸಿಲಿಗೆ ಎಳೆದು ಕೊಡುತ್ತವೆ: ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್. ನುಂಗುತ್ತಿರುವವರು ಗುಳಿಗೆ ಬಿಡಬೇಕಾಗಿಲ್ಲ, ಅಂಗಿಯ ತೋಳು ಉದ್ದ ಮಾಡಿಕೊಂಡರಾಯಿತು. ತೊನ್ನು ಇದ್ದವರ ಬಿಳಿ ಮಚ್ಚೆಯಲ್ಲಿ ವರ್ಣಕವಿಲ್ಲ, ಅಲ್ಲಿ ಬೇಗ ಸುಡುತ್ತದೆ.

ಎಲ್ಲರಿಗಿಂತ ಹೆಚ್ಚು ಕಾಪಾಡಬೇಕಾದವರು ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಬಿಳಿ ಕೂದಲಿನ ಆಲ್ಬಿನಿಸಂ ಮಕ್ಕಳು. ಚರ್ಮದ ಕ್ಯಾನ್ಸರ್ ಅಪರೂಪವೆಂದು ಮೇಲೆ ಹೇಳಿದ ಮಾತು ಅವರಿಗೆ ಅನ್ವಯಿಸುವುದಿಲ್ಲ; ಬಿಸಿಲಿನಲ್ಲಿ ಬೆಳೆದರೆ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಅವರ ದೃಷ್ಟಿಯೂ ಮಂದ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಂಥ ಒಂದು ಮಗು ಶಾಲೆಯಲ್ಲಿದ್ದರೆ ಮಾಸ್ತರರು ಮಾಡಬೇಕಾದದ್ದು ದೊಡ್ಡ ಖರ್ಚಿನದ್ದಲ್ಲ. ಸಮವಸ್ತ್ರದ ತೋಳು ಮಣಿಕಟ್ಟಿನವರೆಗೆ, ಚಡ್ಡಿಯ ಬದಲು ಪ್ಯಾಂಟು, ಅಂಚು ಅಗಲವಾದ ಟೋಪಿಗೆ ಮತ್ತು ತಂಪು ಕನ್ನಡಕಕ್ಕೆ ಅನುಮತಿ, ಆಟದ ಪಿರಿಯಡ್ ಬೆಳಿಗ್ಗೆ ಮೊದಲಿಗೆ, ಕೂಡಲು ಮೊದಲ ಬೆಂಚು, ಅದೂ ಕಿಟಕಿಯಿಂದ ದೂರ.