ಹೂವಿನಲ್ಲೇ ಆದ ವ್ಯಾಪಾರ

ಧರ್ಮಪುರಿ, ಕೃಷ್ಣಗಿರಿ ಕಡೆಯ ಮಾವಿನ ತೋಟಗಳಲ್ಲಿ ಎಷ್ಟೋ ವ್ಯಾಪಾರ ಹೂವಿನ ಕಾಲಕ್ಕೇ ಕುದುರಿಬಿಡುತ್ತದೆ. ಸಂಕ್ರಾಂತಿ ಕಳೆದು ಮರಗಳು ಮೈತುಂಬ ಹೂ ಬಿಟ್ಟಾಗ ಗುತ್ತಿಗೆದಾರ ತೋಟಕ್ಕೆ ಬರುತ್ತಾನೆ. ಒಂದು ಮರದಡಿ ನಿಂತು ಕತ್ತೆತ್ತಿ ನೋಡುತ್ತಾನೆ. ಒಂದು ಗೊಂಚಲನ್ನು ಅಂಗೈ ಮೇಲೆ ಒದರಿ ಜಿಗಿಹುಳು ಉದುರುತ್ತದೆಯೇ ಎಂದು ಪರೀಕ್ಷಿಸಿ ಮುಂದಿನ ಮರಕ್ಕೆ ಹೋಗುತ್ತಾನೆ. ತೋಟ ಸುತ್ತಿ ಮುಗಿದ ಮೇಲೆ ಅವನೊಂದು ಮೊತ್ತ ಹೇಳುತ್ತಾನೆ, ತೋಟದವನು ಇನ್ನೊಂದು ಹೇಳುತ್ತಾನೆ. ಮುಂಗಡ ಕೈ ಬದಲಾಯಿತೆಂದರೆ ಮಾತು ಮುಗಿಯಿತು. ಆಮೇಲೆ ಗಾಳಿಗೆ ಹೀಚು ಉದುರಿದರೆ ನಷ್ಟ ಗುತ್ತಿಗೆದಾರನದು, ಕೊಂಬೆ ಬಾಗುವಷ್ಟು ಕಾಯಿ ಕಟ್ಟಿದರೆ ಲಾಭವೂ ಅವನದೇ. ಮಲೆನಾಡಿನ ಅಡಿಕೆಯವರು ಚೇಣಿ ಎನ್ನುವುದು ಹೆಚ್ಚುಕಡಿಮೆ ಇದನ್ನೇ.

ಇದರಲ್ಲಿ ಅಧರ್ಮ ಹುಡುಕುವವರು ಯಾರೂ ಇಲ್ಲ. ತನ್ನನ್ನು ಯಾರು ಕೊಂಡರು ಎಂದು ಮಾವಿನಕಾಯಿ ಕೇಳುವುದಿಲ್ಲ.

ಹೂವಿನ ಜಾಗದಲ್ಲಿ ಹುಡುಗನೊಬ್ಬ ಇದ್ದರೆ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟ ಎನ್‌ಬಿಎಯಲ್ಲಿ ಪ್ರತಿವರ್ಷ ಡ್ರಾಫ್ಟ್ ನಡೆಯುತ್ತದೆ. ಹೊಸ ಆಟಗಾರರನ್ನು 30 ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಸೋತು ಸುಣ್ಣವಾದ ತಂಡಗಳಿಗೆ ಮುಂಚಿನ ಸರದಿ ಸಿಗುವ ಅವಕಾಶ ಹೆಚ್ಚು. ಈ ಸರದಿಯೇ ಅಲ್ಲಿ ಒಂದು ಸರಕು. 7 ವರ್ಷ ಮುಂದಿನ ಡ್ರಾಫ್ಟಿನ ಸರದಿಯನ್ನೂ ಇವತ್ತೇ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಪಳಗಿದ ಆಟಗಾರನನ್ನು ತರಬಹುದು. ಆ ಸರದಿಯಲ್ಲಿ ಬರಲಿರುವವನು ಈ ಹೊತ್ತಿಗೆ ಎಲ್ಲೋ ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಲೆಕ್ಕ ಬಿಡಿಸುತ್ತಿರುತ್ತಾನೆ.

2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಬಾಸ್ಟನ್ ಸೆಲ್ಟಿಕ್ಸ್‌ನಿಂದ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಮೊದಲಾದವರನ್ನು ಕರೆತಂದಿತು. ಕೊಟ್ಟದ್ದರಲ್ಲಿ ಮುಖ್ಯವಾದದ್ದು 2014, 2016, 2018ರ ಮೊದಲ ಸುತ್ತಿನ ಸರದಿಗಳು. ಜೊತೆಗೆ 2017ರ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು. ಇಬ್ಬರು ಹಿರಿಯರಿಂದ ನೆಟ್ಸ್‌ಗೆ ದಕ್ಕಿದ್ದು ಅಷ್ಟಕ್ಕಷ್ಟೆ. 2016ರ ಸರದಿಯಲ್ಲಿ ಬಾಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕಿದ. 2017ರ ಹಕ್ಕಿನಿಂದ ಒದಗಿದ ಮೊದಲ ಸರದಿಯನ್ನು ಮತ್ತೆ ವಿನಿಮಯ ಮಾಡಿ, ಮೂರನೆಯದರಲ್ಲಿ ಅದು ಜೇಸನ್ ಟೇಟಮ್‌ನನ್ನು ಆರಿಸಿತು. ಇವರಿಬ್ಬರನ್ನು ಮುಂದಿಟ್ಟುಕೊಂಡೇ ಬಾಸ್ಟನ್ 2024ರಲ್ಲಿ ಚಾಂಪಿಯನ್ ಆಯಿತು. ಆ ವ್ಯಾಪಾರ ಕುದುರಿದಾಗ ಟೇಟಮ್‌ಗೆ 15 ವರ್ಷ.

ಯಾರು ಗೆದ್ದರು, ಯಾರು ಟೋಪಿ ಹಾಕಿಸಿಕೊಂಡರು ಎಂದು ಲೆಕ್ಕ ಹಾಕುವುದು ಕ್ರೀಡಾ ಬರಹಗಾರರಿಗೆ ಹಬ್ಬ. ಆ ಲೆಕ್ಕ ಸುಲಭ, ಕಾಲವೇ ಮಾಡಿಕೊಡುತ್ತದೆ. ಇನ್ನೂ ಬಾರದವನನ್ನು ಕೊಡುವ ಅಧಿಕಾರ ಯಾರಿಗಿದೆ ಎಂಬುದು ಹಳೆಯ ಪ್ರಶ್ನೆ, ಕಾಲ ಬಿಡಿಸದ ಪ್ರಶ್ನೆ.

ಅದು ಐತರೇಯ ಬ್ರಾಹ್ಮಣದಷ್ಟು ಹಳೆಯದು. ಅಲ್ಲಿ ಬರುವ ಹರಿಶ್ಚಂದ್ರ ರಾಘವಾಂಕನ ಸತ್ಯಸಂಧನಲ್ಲ, ಸಾಲ ತೀರಿಸಲು ಮೀನಮೇಷ ಎಣಿಸುವ ಅಪ್ಪ. ಮಕ್ಕಳಿಲ್ಲದ ಅವನು ವರುಣನಿಗೆ ಹರಕೆ ಹೊರುತ್ತಾನೆ: ಮಗನನ್ನು ಕೊಡು, ಅವನನ್ನೇ ನಿನಗೆ ಬಲಿ ಕೊಡುತ್ತೇನೆ. ಹುಟ್ಟುವ ಮೊದಲೇ ರೋಹಿತ ಹೀಗೆ ಅಡವಾದ. ಮಗು ಹುಟ್ಟಿದ ಮೇಲೆ ವರುಣ ಬಂದ. ಹತ್ತು ದಿನ ಕಳೆಯಲಿ ಎಂದ ಅರಸ. ಆಮೇಲೆ ಹಲ್ಲು ಬರಲಿ ಎಂದ, ಹಾಲುಹಲ್ಲು ಬೀಳಲಿ ಎಂದ, ಮತ್ತೆ ಹಲ್ಲು ಬರಲಿ ಎಂದ, ಕೊನೆಗೆ ಆಯುಧ ಹಿಡಿಯುವಂತಾಗಲಿ ಎಂದ. ಆಯುಧ ಹಿಡಿದವನೇ ರೋಹಿತ ಒಲ್ಲೆನೆಂದು ಬಿಲ್ಲಿನೊಡನೆ ಕಾಡು ಸೇರಿದ. ಅಪ್ಪನಿಗೆ ಜಲೋದರ ಹಿಡಿಯಿತು. ವರ್ಷಗಟ್ಟಲೆ ಅಲೆದ ರೋಹಿತನಿಗೆ ಹಸಿದು ಕಂಗೆಟ್ಟ ಅಜೀಗರ್ತ ಸಿಕ್ಕಿದ. ಅವನಿಗೆ ಮೂವರು ಗಂಡುಮಕ್ಕಳು. ಹಿರಿಯನನ್ನು ಕೊಡಲಾರೆ ಎಂದ ಅಪ್ಪ, ಕಿರಿಯನನ್ನು ಕೊಡಲಾರೆ ಎಂದಳು ಅವ್ವ. ಉಳಿದವನು ನಡುವಿನ ಶುನಃಶೇಪ. ರೋಹಿತನ ಬದಲು ಅವನನ್ನು ಬಲಿ ಕೊಡಲು 100 ಹಸುವಿಗೆ ವ್ಯಾಪಾರ ಕುದುರಿತು. ಬಲಿಗಂಬವಾದ ಯೂಪಕ್ಕೆ ಕಟ್ಟಲು ಯಾರೂ ಮುಂದೆ ಬರದಿದ್ದಾಗ ಅಪ್ಪನೇ ಇನ್ನೂ 100 ಹಸು ಪಡೆದು ಕಟ್ಟಿದ. ಮತ್ತೂ 100 ಪಡೆದು ಕತ್ತಿ ಮಸೆದ.

ದೇವತೆಗಳನ್ನು ಸ್ತುತಿಸಿದ ಹುಡುಗನ ಕಟ್ಟು ಒಂದೊಂದಾಗಿ ಬಿಚ್ಚಿಕೊಂಡಿತು ಎಂಬುದು ಕತೆಯ ಪವಾಡ. ಅದಕ್ಕಿಂತ ಗಟ್ಟಿಯಾದ ಘಳಿಗೆ ಆಮೇಲಿನದು. ಅಜೀಗರ್ತ ಬಂದು ಮಗನನ್ನು ಮರಳಿ ಕೇಳುತ್ತಾನೆ. ನನಗಿಂತ ನಿನಗೆ 300 ಹಸು ಹೆಚ್ಚಾಯಿತಲ್ಲ ಎಂದು ಶುನಃಶೇಪ ಮುಖಕ್ಕೆ ಹೊಡೆದಂತೆ ಹೇಳಿ, ಯಾಗದಲ್ಲಿದ್ದ ವಿಶ್ವಾಮಿತ್ರನ ಮಗನಾಗಿ ಉಳಿಯುತ್ತಾನೆ. ಇಡೀ ಕತೆಯಲ್ಲಿ ಅವನು ಯಾರಿಗೆ ಸೇರಿದವನೆಂದು ಅವನನ್ನೇ ಕೇಳಿ ನಿರ್ಧಾರವಾಗುವುದು ಅದೊಂದೇ ಸಲ.

ಹೋಲಿಕೆ ಅತಿಯಾಯಿತು ಎನ್ನಬಹುದು. ಟೇಟಮ್‌ನನ್ನು ಯಾರೂ ಕಂಬಕ್ಕೆ ಕಟ್ಟಲಿಲ್ಲ, ಕೋಟಿಗಟ್ಟಲೆ ಡಾಲರ್ ಕೊಟ್ಟರು. ಆದರೆ ಒಪ್ಪಿಗೆಯ ಪ್ರಶ್ನೆ ಹಣದ ಥೈಲಿಯಲ್ಲಿ ಮುಚ್ಚಿಹೋಗುವಂಥದ್ದಲ್ಲ. ಲಿಯಾನ್ ವುಡ್ ಎಂಬ ಆಟಗಾರ ಡ್ರಾಫ್ಟಿನ ವಿರುದ್ಧ ಕೋರ್ಟಿಗೆ ಹೋಗಿದ್ದ. ನಾನು ಬರುವ ಮೊದಲೇ ಆಟಗಾರರ ಸಂಘವೂ ಕೂಟವೂ ಮಾಡಿಕೊಂಡ ಒಪ್ಪಂದ ನನ್ನನ್ನು ಕಟ್ಟುವುದು ಹೇಗೆ ಎಂಬುದು ಅವನ ತಕರಾರು. ಹೊಸದಾಗಿ ಕೆಲಸಕ್ಕೆ ಸೇರುವವರೆಲ್ಲ ಹಾಗೆಯೇ ಕಟ್ಟುಬೀಳುತ್ತಾರೆ ಎಂದು 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ವುಡ್ ಮುಂದೆ ಅದೇ ಎನ್‌ಬಿಎಯಲ್ಲಿ ರೆಫರಿಯಾಗಿ ಸೀಟಿ ಊದಿದ.

ಕೂಟಕ್ಕೂ ಅಳುಕಿಲ್ಲವೆಂದಲ್ಲ. 1980ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ತನ್ನ 1982ರ ಮೊದಲ ಸುತ್ತಿನ ಸರದಿಯನ್ನು ಸಾಧಾರಣ ಆಟಗಾರನೊಬ್ಬನಿಗಾಗಿ ಲೇಕರ್ಸ್‌ಗೆ ಕೊಟ್ಟಿತು. 1982ರಲ್ಲಿ ಆಗಷ್ಟೇ ಚಾಂಪಿಯನ್ ಆಗಿದ್ದ ಲೇಕರ್ಸ್ ಅದೇ ಸರದಿಯಲ್ಲಿ ಎಲ್ಲರಿಗಿಂತ ಮೊದಲು ಜೇಮ್ಸ್ ವರ್ದಿಯನ್ನು ಆರಿಸಿತು. ಟೆಡ್ ಸ್ಟೆಪಿಯನ್ ಒಡೆತನದ ಕಾಲದಲ್ಲಿ ಕ್ಲೀವ್‌ಲ್ಯಾಂಡ್ ಹೀಗೆ ಸರದಿಗಳನ್ನು ಕಳೆಯುತ್ತಲೇ ಹೋದಾಗ, ಒಂದರ ಹಿಂದೊಂದು ಬರುವ ಎರಡು ವರ್ಷಗಳ ಮೊದಲ ಸುತ್ತನ್ನು ಯಾವ ತಂಡವೂ ಬರಿದು ಮಾಡಿಕೊಳ್ಳಕೂಡದು ಎಂಬ ನಿಯಮ ಬಂತು. ಅದಕ್ಕೆ ಇಂದಿಗೂ ಸ್ಟೆಪಿಯನ್ ಹೆಸರೇ. ಈ ನಿಯಮ ಕಾಯುವುದು ತಂಡದ ನಾಳೆಯನ್ನು, ಹುಡುಗನದನ್ನಲ್ಲ.

ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಕ್ರಿಕೆಟಿಗ ಟಿ. ನಟರಾಜನ್ ನಮ್ಮಲ್ಲಿನ ಇಂಥದೇ ತಕ್ಕಡಿಯಲ್ಲಿ, ಐಪಿಎಲ್ ಹರಾಜಿನಲ್ಲಿ, ಮತ್ತೆ ಮತ್ತೆ ತೂಗಿಸಿಕೊಂಡವರು. ಅಪ್ಪ ಮಗ್ಗದ ಕೂಲಿ, ಅಮ್ಮನದು ರಸ್ತೆಬದಿಯ ತಿಂಡಿ ಅಂಗಡಿ. ಇಪ್ಪತ್ತರ ಹೊಸ್ತಿಲವರೆಗೂ ಅವರು ಆಡಿದ್ದು ಟೆನಿಸ್ ಚೆಂಡಿನಲ್ಲಿ. 2017ರ ಐಪಿಎಲ್ ಹರಾಜಿನಲ್ಲಿ 10 ಲಕ್ಷದ ಮೂಲಬೆಲೆಯಿಂದ ಏರಿ ಏರಿ 3 ಕೋಟಿಗೆ ಪಂಜಾಬ್ ತಂಡದ ಪಾಲಾದರು. ಆ ವರ್ಷ ಆಡಿದ್ದು 6 ಪಂದ್ಯ, ಬಿದ್ದದ್ದು 2 ವಿಕೆಟ್. ಮರುವರ್ಷ ಹೈದರಾಬಾದ್ ಅವರನ್ನು 40 ಲಕ್ಷಕ್ಕೆ ಕೊಂಡು ಎರಡು ಸೀಸನ್ ಬೆಂಚಿನಲ್ಲಿ ಕೂರಿಸಿತು. 2020ರಲ್ಲಿ ಅದೇ ಎಡಗೈ ಯಾರ್ಕರ್ ಮೇಲೆ ಯಾರ್ಕರ್ ಹಾಕಿ 16 ವಿಕೆಟ್ ತೆಗೆಯಿತು. ನೆಟ್ ಬೌಲರ್ ಆಗಿ ಆಸ್ಟ್ರೇಲಿಯಕ್ಕೆ ಹೋದ ಮನುಷ್ಯ ಒಂದೇ ಪ್ರವಾಸದಲ್ಲಿ ಏಕದಿನ, ಟಿ20, ಟೆಸ್ಟ್ ಮೂರಕ್ಕೂ ಪದಾರ್ಪಣೆ ಮಾಡಿದ. 2022ರಲ್ಲಿ ಬೆಲೆ 4 ಕೋಟಿ, 2024ರ ನವೆಂಬರಿನ ಹರಾಜಿನಲ್ಲಿ 10.75 ಕೋಟಿ.

ಹರಾಜಿಗೆ ಆಟಗಾರ ತಾನೇ ಹೆಸರು ಬರೆಸುತ್ತಾನೆ, ಮೂಲಬೆಲೆಯೂ ಅವನಿಗೆ ಗೊತ್ತಿರುತ್ತದೆ. ಡ್ರಾಫ್ಟಿನ ಸರದಿಗಿಂತ ಅಷ್ಟರ ಮಟ್ಟಿಗೆ ಇದು ಮೇಲು. ಆದರೂ ನಟರಾಜನ್ ಕತೆಯಲ್ಲಿ ಯಾವ ಹರಾಜಿಗೂ ದಕ್ಕದ ಒಂದು ಹೂಡಿಕೆ ಇದೆ. ಊರಿನ ಎ. ಜಯಪ್ರಕಾಶ್ ಈ ಹುಡುಗನ ಬೌಲಿಂಗ್ ಕಂಡು, ಬೆನ್ನಿಗೆ ನಿಂತು ಚೆನ್ನೈನ ಕ್ಲಬ್ ಕ್ರಿಕೆಟ್ಟಿಗೆ ದಾರಿ ಮಾಡಿದರು. ಅವರ ಕೈಯಲ್ಲಿ ಸರದಿಯೂ ಇರಲಿಲ್ಲ, ಕರಾರುಪತ್ರವೂ ಇರಲಿಲ್ಲ. ನಟರಾಜನ್ ಜೆರ್ಸಿಯ ಬೆನ್ನಿನ ಮೇಲೆ ಬರೆಸಿಕೊಂಡದ್ದು ‘ಜೆಪಿ ನಟ್ಟು’ ಎಂದು.

ಹಕ್ಕಿನ ಆ ಹಳೆಯ ಪ್ರಶ್ನೆ ಈ ಕಡೆ ರಂಗದ ಮೇಲೂ ಬರುತ್ತದೆ. ಧರ್ಮಪುರಿ ಸೀಮೆಯ ಹಳ್ಳಿಗಳಲ್ಲಿ ದ್ರೌಪದಿ ಅಮ್ಮನ ಜಾತ್ರೆ ಬಂತೆಂದರೆ ರಾತ್ರಿಯಿಡೀ ಮಹಾಭಾರತದ ಕೂತ್ತು, ಅಂದರೆ ಬಯಲಾಟ. ಬೆಂಗಳೂರಿನ ಕರಗ ನೋಡಿದವರಿಗೆ ಈ ದೇವಿ ಹೊಸಬಳಲ್ಲ. ಪಗಡೆಯ ಪ್ರಸಂಗದಲ್ಲಿ ಧರ್ಮರಾಯ ತಮ್ಮಂದಿರನ್ನು ಒಬ್ಬೊಬ್ಬರಾಗಿ ಒಡ್ಡುತ್ತಾನೆ, ತನ್ನನ್ನು ಒಡ್ಡುತ್ತಾನೆ, ಆಮೇಲೆ ಅವಳನ್ನು. ಸಭೆಗೆ ಅವಳು ಕೇಳಿ ಕಳಿಸುವುದು ಗೆದ್ದವರಾರು ಎಂದಲ್ಲ. ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಂಥ ಭೀಷ್ಮನೇ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡ. ಆಟದ ನಿಯಮದಂತೆ ಎಲ್ಲ ಸರಿಯಾಗಿಯೇ ಇತ್ತು ಎಂಬುದು ಆ ಸಭೆಯ ಅತಿ ದೊಡ್ಡ ತೊಡಕು.

ಕೊಡುವ ಇನ್ನೊಂದು ಬಗೆಯ ಕತೆಯೂ ಇದೇ ಸೀಮೆಯದು. ಸೇಲಂನಿಂದ ಧರ್ಮಪುರಿಗೆ ಹೋಗುವ ದಾರಿಯಲ್ಲಿ ಅದಿಯಮಾನ್‌ಕೋಟೆ ಎಂಬ ಊರಿದೆ. ಧರ್ಮಪುರಿಗೆ ತಗಡೂರು ಎಂಬ ಹೆಸರಿದ್ದ ಸಂಗಂ ಕಾಲದಲ್ಲಿ ಇಲ್ಲಿ ಆಳಿದವನು ಅದಿಯಮಾನ್ ನೆಡುಮಾನ್ ಅಂಜಿ. ಕಡಿದಾದ ಬೆಟ್ಟದ ಬಿರುಕಿನಲ್ಲಿ ಬೆಳೆದ, ತಿಂದವರಿಗೆ ದೀರ್ಘಾಯುಷ್ಯ ಕೊಡುವ ನೆಲ್ಲಿಕಾಯಿಯೊಂದು ಅವನ ಕೈಸೇರಿತ್ತು. ಅವನು ಅದನ್ನು ಕವಿ ಅವ್ವೈಯಾರ್‌ಗೆ ಕೊಟ್ಟುಬಿಟ್ಟ. ಅದರ ಗುಣವನ್ನು ಹೇಳಲೂ ಇಲ್ಲ, ಹೇಳಿದ್ದರೆ ಆಕೆ ತಿನ್ನುತ್ತಿರಲಿಲ್ಲವೇನೋ. ಇಲ್ಲಿಯೂ ಪಡೆದವಳ ಒಪ್ಪಿಗೆ ಕೇಳಲಿಲ್ಲ ಎಂದು ಕೊಂಕು ತೆಗೆಯಬಹುದು. ಆದರೆ ಅವನು ಬಿಟ್ಟುಕೊಟ್ಟದ್ದು ತನ್ನ ಪಾಲಿನ ವರ್ಷಗಳನ್ನು.

ಅದಿಯಮಾನ್ ಯುದ್ಧದಲ್ಲಿ ಸತ್ತ. ನೆಲ್ಲಿಕಾಯಿ ತಿಂದವಳು ಉಳಿದಳು. ಅವನ ಸಾವಿಗೆ ಆಕೆ ಕಟ್ಟಿದ ಶೋಕದ ಹಾಡು, ನೆಲ್ಲಿಕಾಯಿ ಕೊಟ್ಟದ್ದಕ್ಕೆ ಹರಸಿದ ಹಾಡು, ಎರಡೂ ಸಂಗಂ ಕಾಲದ ಹಾಡುಗಳ ಸಂಕಲನ ಪುರನಾನೂರಿನಲ್ಲಿವೆ.