ಮನೆಯ ವ್ಯವಸ್ಥೆಯೂ ಮರಣಶಾಸನವೂ

(ಧ್ಯಾನಕ್ಕೆ: 2 ಅರಸುಗಳು 20ನೇ ಅಧ್ಯಾಯ, ಯೋಹಾನ 19ನೇ ಅಧ್ಯಾಯ)



ಯೆಹೂದದ ಅರಸನಾದ ಹಿಜ್ಕೀಯನು ಕಠಿಣ ರೋಗದಲ್ಲಿ ಬಿದ್ದಿದ್ದಾಗ ಪ್ರವಾದಿಯಾದ ಯೆಶಾಯನು ಅವನ ಬಳಿಗೆ ಬಂದು, ಮರಣವು ಸಮೀಪಿಸಿರುವದರಿಂದ ಮನೆಯ ಸಂಗತಿಗಳನ್ನು ಕ್ರಮಪಡಿಸಬೇಕೆಂದು ತಿಳಿಸಿದನು. ಅರಸನು ಅತ್ತು ಪ್ರಾರ್ಥಿಸಲಾಗಿ ದೇವರು ಅವನ ಆಯುಷ್ಯಕ್ಕೆ ಹದಿನೈದು ವರುಷಗಳನ್ನು ಕೂಡಿಸಿದನು. ನಮ್ಮಲ್ಲಿ ಅನೇಕರು ಮೃತ್ಯುಪತ್ರವೆಂಬ ಹೆಸರನ್ನು ಕೇಳಿದೊಡನೆ, ಅದು ಸಾವನ್ನು ಕರೆಯುವ ಮಾತೆಂದು ಹೆದರುತ್ತಾರೆ. ಈ ಅರಸನನ್ನು ನೋಡಿರಿ. ಮನೆಯನ್ನು ಕ್ರಮಪಡಿಸೆಂಬ ಮಾತನ್ನು ಕೇಳಿದವನು ಮತ್ತೂ ಹದಿನೈದು ವರುಷ ಬಾಳಿದನು. ಬರಹವು ಯಾರ ಆಯುಷ್ಯವನ್ನೂ ಕಡಿಮೆಮಾಡುವದಿಲ್ಲ. ಬರೆಯದೆ ಇರುವದು ಯಾರ ಆಯುಷ್ಯವನ್ನೂ ಹೆಚ್ಚಿಸುವದಿಲ್ಲ.

ಬರೆಯದೆ ಹೋದವನ ಮನೆಗೆ ಏನಾಗುವದೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೃಷ್ಟಾಂತವುಂಟು. ಬಳ್ಳಾರಿಯಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತನಿದ್ದನು. ಲೋಕವು ಕೀಳೆಂದು ಎಣಿಸಿದ ಕುಲದಲ್ಲಿ ಹುಟ್ಟಿ, ಸಾರಾಯಿ ಗುತ್ತಿಗೆಯಿಂದಲೂ ವ್ಯಾಪಾರದಿಂದಲೂ ಬಹು ಧನವಂತನಾದನು. ಅವನ ತಮ್ಮನಾದ ಫ್ರಾನ್ಸಿಸನೂ ಆ ಕೆಲಸದಲ್ಲಿ ಕೂಡಿದ್ದನು. 1842ರಲ್ಲಿ ಮ್ಯಾಥ್ಯೂ ಮರಣಶಾಸನವನ್ನು ಬರೆಯದೆ ತೀರಿಹೋದನು. ಬಳಿಕ ಅವನ ವಿಧವೆಯಾದ ಶಾರ್ಲಟಳಿಗೂ ಫ್ರಾನ್ಸಿಸನಿಗೂ ವ್ಯಾಜ್ಯ ಹುಟ್ಟಿತು. ತಾವು ಹಿಂದೂ ಧರ್ಮಶಾಸ್ತ್ರದ ಪ್ರಕಾರ ಅವಿಭಕ್ತ ಕುಟುಂಬದವರೆಂದು ತಮ್ಮನು ಪಾಲು ಕೇಳಿದನು. ಆಸ್ತಿಯು ತನ್ನ ಗಂಡನ ಸ್ವಂತದ್ದೆಂದು ವಿಧವೆ ವಾದಿಸಿದಳು. ಆ ವ್ಯಾಜ್ಯವು ಬಳ್ಳಾರಿಯಿಂದ ಮದ್ರಾಸಿಗೂ ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋಗಿ, 1863ರಲ್ಲಿ ತೀರ್ಮಾನವಾಯಿತು. ಕ್ರೈಸ್ತನಾದವನು ಹಿಂದಿನ ಧರ್ಮಶಾಸ್ತ್ರಕ್ಕೆ ಬದ್ಧನಲ್ಲ, ತನ್ನ ನಡಾವಳಿಯಿಂದ ಅದನ್ನು ಬಿಡಲೂ ಇಟ್ಟುಕೊಳ್ಳಲೂ ಬಹುದು, ಈ ಅಣ್ಣತಮ್ಮಂದಿರು ಅವಿಭಕ್ತರಲ್ಲ ಎಂದು ನ್ಯಾಯಾಧಿಪತಿಗಳು ಹೇಳಿದರು. ಮಣ್ಣಿಗೆ ಸೇರಿದವನ ಮನಸ್ಸಿನಲ್ಲಿ ಏನಿತ್ತೆಂದು ಇಪ್ಪತ್ತೊಂದು ವರುಷಗಳ ನಂತರವೂ ಪರರು ಸಮುದ್ರದಾಚೆ ಕುಳಿತು ವಿಚಾರಿಸಬೇಕಾಯಿತು!

ಆ ಸಂಶಯವು ಈಗ ನಮಗಿಲ್ಲ. 1865ರ ಕಾಯಿದೆಯೂ ಅದರ ತರುವಾಯ ಬಂದ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಕ್ರೈಸ್ತರ ಪಾಲುಗಳನ್ನು ಗೊತ್ತುಮಾಡಿವೆ. ಮರಣಶಾಸನವಿಲ್ಲದೆ ಗಂಡನು ತೀರಿದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದೆರಡು ಪಾಲು ಮಕ್ಕಳಿಗೆ ಸಮವಾಗಿ ಸಲ್ಲತಕ್ಕದ್ದು. ಶಿರಸಿ ಸೀಮೆಯ ಮತ್ತಿಘಟ್ಟದ ಕಡೆಯಲ್ಲಿ ಒಬ್ಬನಿಗೆ ಸ್ವಂತದ ಮೂರು ಎಕರೆ ಅಡಿಕೆ ತೋಟವಿದೆ ಎಂದು ಭಾವಿಸಿರಿ. ಅವನು ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇವರನ್ನು ಬಿಟ್ಟು ಹೋದರೆ ತಲೆಗೆ ಒಂದೊಂದು ಎಕರೆ ಸಲ್ಲುವದು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೂ ಅವಳ ಪಾಲು ಕಡಿಮೆಯಾಗದು. ಚಲ್ಪಹಾದನ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಬೇಡಿದಾಗ ದೇವರು ಅವರ ಮಾತು ನ್ಯಾಯವೆಂದನಲ್ಲವೇ?

ಆದರೆ ಈ ಲೆಕ್ಕದಲ್ಲಿ ಯಾರು ಬಿಟ್ಟುಹೋದರು, ನೋಡಿದಿರಾ? ತೀರಿದವನ ಮುದಿ ತಾಯಿ! ಮಕ್ಕಳಿರುವ ಕ್ರೈಸ್ತನು ಮರಣಶಾಸನವಿಲ್ಲದೆ ಸತ್ತರೆ ಅವನ ತಾಯಿಗೆ ಈ ಕಾಯಿದೆಯಲ್ಲಿ ಒಂದು ಮರದ ಅಡಿಕೆಯಷ್ಟೂ ಪಾಲಿಲ್ಲ. ಸೊಸೆಯ ದಯೆಯಿಂದಲೂ ಮೊಮ್ಮಕ್ಕಳ ದಯೆಯಿಂದಲೂ ಅವಳು ಉಣ್ಣಬೇಕು. ನಮ್ಮ ಕರ್ತನನ್ನು ನೆನೆಯಿರಿ. ಅವನಿಗೆ ತೋಟವಿರಲಿಲ್ಲ, ಮನೆಯಿರಲಿಲ್ಲ. ಉಟ್ಟ ವಸ್ತ್ರವನ್ನೂ ಸಿಪಾಯಿಗಳು ಹಂಚಿಕೊಂಡರು. ಆದರೂ ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲಿ ತಾಯಿಯನ್ನು ಮರೆಯದೆ, ಹತ್ತಿರ ನಿಂತಿದ್ದ ಪ್ರಿಯ ಶಿಷ್ಯನ ಕೈಗೆ ಅವಳನ್ನು ಒಪ್ಪಿಸಿದನು. ಏನೂ ಇಲ್ಲದವನು ಇದನ್ನು ಮಾಡಿದ ಮೇಲೆ, ತೋಟ ಗದ್ದೆ ಉಳ್ಳವರಾದ ನಾವು ಮಾಡದೆ ಇರುವದು ಹೇಗೆ? ಕಾಯಿದೆಯು ಪಾಲನ್ನು ಬಲ್ಲದು, ಪ್ರೀತಿಯನ್ನು ಬಲ್ಲದು ಎನ್ನಲಾಗದು. ಅಂಗವಿಕಲನಾದ ಮಗನನ್ನೂ ತಾಯಿ ತಂದೆಯಿಲ್ಲದೆ ನಿಮ್ಮ ಮನೆಯಲ್ಲಿ ಬೆಳೆದ ತಂಗಿಯ ಮಗುವನ್ನೂ ಅದು ಗುರುತಿಸದು. ನೀವು ಗುರುತಿಸಬೇಕು.

ಬರೆಯುವ ಕ್ರಮವು ಕಷ್ಟವಾದದ್ದಲ್ಲ. ಛಾಪಾ ಕಾಗದ ಬೇಡ. ಸ್ವಸ್ಥ ಬುದ್ಧಿಯಿರುವಾಗ ಬರೆದು ರುಜು ಹಾಕತಕ್ಕದ್ದು. ಓದು ಬಾರದವನು ಹೆಬ್ಬೆಟ್ಟು ಒತ್ತಬಹುದು. ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವನ ಎದುರಿನಲ್ಲಿಯೇ ರುಜು ಹಾಕಬೇಕು. ಆಸ್ತಿ ಹೊಂದುವವರಾಗಲಿ ಅವರ ಗಂಡ ಹೆಂಡಿರಾಗಲಿ ಸಾಕ್ಷಿಗಳಾಗಬಾರದು. ಆದರೆ ಅವರಿಗೆ ಬರೆದದ್ದು ವ್ಯರ್ಥವಾಗುವದು. ಶಿರಸಿಯ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವದು ಕಡ್ಡಾಯವಲ್ಲ, ಆದರೂ ಒಳ್ಳೇದು. ಬದುಕಿರುವ ತನಕ ಎಷ್ಟು ಸಾರಿಯಾದರೂ ತಿದ್ದಬಹುದು. ಒಂದು ಸಂಗತಿಯನ್ನು ವಿಶೇಷವಾಗಿ ನೆನಪಿಡಿರಿ: ಬರೆದವನು ತರುವಾಯ ಮದುವೆಯಾದರೆ, ನಮ್ಮ ಕಾಯಿದೆಯ ಪ್ರಕಾರ ಹಿಂದಿನ ಮರಣಶಾಸನವು ರದ್ದಾಗುವದು. ಆದಕಾರಣ ಎರಡನೇ ಮದುವೆಯಾದವನು ಮೊದಲನೆಯವಳ ಮಕ್ಕಳಿಗಾಗಿ ಹೊಸದಾಗಿ ಬರೆಯಬೇಕು.

ತನ್ನದಲ್ಲದ್ದನ್ನು ಯಾರೂ ಬರೆದು ಕೊಡಲಾರರು. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವು ಸರಕಾರದ ಅರಣ್ಯ. ಅಲ್ಲಿ ನಮಗಿರುವದು ಸೊಪ್ಪು ತರಗೆಲೆಗಳ ಸವಲತ್ತು ಮಾತ್ರ. ಮೊದಲು ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡಿಕೊಳ್ಳಿರಿ. ಮಕ್ಕಳು ಚಿಕ್ಕವರಾಗಿದ್ದರೆ ಅವರಿಗೆ ಪಾಲಕನನ್ನು ತಂದೆಯು ಮರಣಶಾಸನದಲ್ಲಿಯೇ ನೇಮಿಸಬಹುದು. ಅವರ ಪಾಲನ್ನು ನಂಬಿಗಸ್ತನಾದ ಒಬ್ಬನ ಕೈಯಲ್ಲಿ ಟ್ರಸ್ಟಾಗಿ ಇಡಲೂ ಬಹುದು. ಅಂಥವನು ಆಸ್ತಿಯನ್ನು ಕಾಯುವ ಮನೆವಾರ್ತೆಯವನೇ ಹೊರತು ಒಡೆಯನಲ್ಲ. ಬಂದ ಫಲವು ಮಕ್ಕಳದು, ಲೆಕ್ಕ ಒಪ್ಪಿಸುವ ಭಾರ ಅವನದು.

ಸಭೆಗೂ ಧರ್ಮಕಾರ್ಯಕ್ಕೂ ಕೊಡಬಹುದೇ? ಹಿಂದೆ ಈ ಕಾಯಿದೆಯ 118ನೇ ಕಲಮಿನಂತೆ, ಹತ್ತಿರದ ಬಂಧುಗಳುಳ್ಳ ಕ್ರೈಸ್ತನು ಮರಣಕ್ಕೆ ಹನ್ನೆರಡು ತಿಂಗಳು ಮುಂಚೆ ಬರೆಯದಿದ್ದರೆ ಅಂಥ ದಾನವು ನಿಲ್ಲುತ್ತಿರಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟು ಜಾನ್ ವಲ್ಲಮಟ್ಟಂ ಎಂಬವರ ಅರ್ಜಿಯಲ್ಲಿ ಆ ಕಲಮನ್ನು ತೆಗೆದುಹಾಕಿತು. ಈಗ ಕೊಡುವದಕ್ಕೆ ಅಡ್ಡಿಯಿಲ್ಲ. ಆದರೆ ಕೊರ್ಬಾನ್ ಎಂದು ಹೇಳಿ ತಂದೆತಾಯಿಗಳ ಕೈ ಬರಿದುಮಾಡಿದವರನ್ನು ಕರ್ತನು ಗದರಿಸಿದ್ದನ್ನು ಮಾರ್ಕನು ಬರೆದ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಓದಿರಿ. ಮೊದಲು ತಾಯಿ, ಬಳಿಕ ದಾನ.

ಅಡಿಕೆ ಸಸಿಯನ್ನು ನೆಟ್ಟವನು ಫಲಕ್ಕಾಗಿ ಐದಾರು ವರುಷ ಕಾಯುತ್ತಾನೆ. ಅದರ ನೆರಳಲ್ಲಿ ಮೊಮ್ಮಕ್ಕಳು ಕೊಯ್ಲು ಮಾಡುತ್ತಾರೆ. ಅಷ್ಟು ದೂರ ನೋಡಬಲ್ಲ ಒಕ್ಕಲಿಗನು ಒಂದು ಹಾಳೆ ಕಾಗದಕ್ಕೆ ಆಲಸ್ಯಮಾಡುವದು ತಕ್ಕದ್ದಲ್ಲ. ಪಾಲು ಮಾಡಿಸಿಕೊಡೆಂದು ಕರ್ತನ ಬಳಿಗೆ ಬಂದ ಒಬ್ಬನ ಸಂಗತಿಯು ಲೂಕನ ಹನ್ನೆರಡನೇ ಅಧ್ಯಾಯದಲ್ಲಿದೆ. ಕರ್ತನು ಪಾಲುಗಾರನಾಗಲು ಒಪ್ಪದೆ ಲೋಭದ ವಿಷಯದಲ್ಲಿ ಎಚ್ಚರಿಸಿದನು. ನಿಮ್ಮ ಮಕ್ಕಳು ಹಾಗೆ ಬಂದು ನಿಲ್ಲದಂತೆ, ಬುದ್ಧಿಯೂ ಕೈಯೂ ಸ್ಥಿರವಾಗಿರುವಾಗಲೇ, ಮನೆಯವರನ್ನೆಲ್ಲಾ ಕೂಡಿಸಿ ಪ್ರಾರ್ಥಿಸಿ ಬರೆಯಿರಿ. ನಿಮ್ಮ ಹಿಂದೆ ಆಸ್ತಿಯು ಮಾತ್ರವಲ್ಲ, ಸಮಾಧಾನವೂ ಉಳಿಯಲಿ. ಆಮೆನ್.